ಹಂದಿ ಕೊಟ್ಟಿಗೆಯಲ್ಲಿ ವಿನೆಗರ್

ನಾನ್‌ಗೌ ಹಳ್ಳಿ, ಹೆಬೇ
ನವೆಂಬರ್ ೧೨, ೨೦೧೬

ಪ್ರೀತಿಯ ಅಮ್ಮಾ,

ಸೊಂಟನೋವು ಹೇಗಿದೆ? ತಿಯಾನ್‌ಜಿನ್‌ನ ಆ ಮನೆಯವರು ಕೂಸನ್ನು ನಿನ್ನ ಕೈಗೆ ಕೊಟ್ಟು ತಾವು ಹಾಯಾಗಿರುತ್ತಾರೋ ಹೇಗೆ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ನಾನು ಮಾತ್ರ ನಾರುತ್ತಿದ್ದೇನೆ. ಮೂರು ಸಲ ತಲೆಗೆ ನೀರು ಹಾಕಿಕೊಂಡರೂ ಕೂದಲಿನಿಂದ ಹಂದಿ ಉಚ್ಚೆಯ ಘಾಟು ಹೋಗುವುದಿಲ್ಲ. ತಿನ್ನುವ ಬನ್ನಿನಲ್ಲೂ ಅದೇ. ಈ ಕೊಟ್ಟಿಗೆಯಿಂದ ತಪ್ಪಿಸಿಕೊಳ್ಳಲೆಂದೇ ಓದಿದವಳು, ಓದಿ ಓದಿ ಇಲ್ಲಿಗೇ ಬಂದು ಬಿದ್ದೆ. ಛೀ!

ನನ್ನ ಕೆಲಸ ನಿನಗೆ ಗೊತ್ತಲ್ಲ. ಆಮ್ಲ ಸವರಿದ ಕಾಗದದ ಬಿಲ್ಲೆಗಳನ್ನು ಡಬ್ಬಿಯಲ್ಲಿಟ್ಟು ಎರಡು ವಾರ ಕೊಟ್ಟಿಗೆಯಲ್ಲಿ ನೇತುಹಾಕುವುದು. ಗಾಳಿಯ ಅಮೋನಿಯಾ ಅದಕ್ಕೆ ಅಂಟುತ್ತದೆ. ಅದರಲ್ಲಿ ಹಗುರ ಸಾರಜನಕವೆಷ್ಟು, ಭಾರದ್ದೆಷ್ಟು ಎಂದು ನೋಡಿದರೆ, ಪಟ್ಟಣದ ಮೇಲೆ ಕವಿಯುವ ಹೊಗೆಮಂಜಿಗೆ ಹಂದಿ ಕಾರಣವೋ ಗಾಡಿ ಕಾರಣವೋ ತಿಳಿಯುತ್ತದೆ. ಹಂದಿಯ ಗುರುತಿಗೆ ನಮ್ಮ ಕೊಟ್ಟಿಗೆಯೇ ಅಳತೆಗೋಲು. ನನ್ನ ಪದವಿಗೂ ಅದೇ ಆಧಾರ.

ಈ ಸಲ ಅಪ್ಪನೇ ನೇತುಹಾಕಿ, ಬಿಚ್ಚಿ ಕಳಿಸಿದ ಬಿಲ್ಲೆಗಳ ಫಲಿತಾಂಶ ಬಂತು. ಅಮೋನಿಯಾ ಹೂದೋಟದಲ್ಲಿದ್ದಷ್ಟೇ! ಸಾರಜನಕದ ಲೆಕ್ಕ ಯಾವುದಕ್ಕೂ ಹೊಂದುವುದಿಲ್ಲ. ನನ್ನ ಸಂಶೋಧನೆ ನೋಡಿಕೊಳ್ಳುವ ಕಾಂಗ್ ಮೇಷ್ಟ್ರು "ಇದೇನಮ್ಮಾ, ಹಂದಿ ಕೊಟ್ಟಿಗೇನಾ, ಗುಡೀನಾ?" ಎಂದರು. ಊರಿಗೆ ಓಡಿ ಬಂದು ನೋಡಿದರೆ ಕೊಟ್ಟಿಗೆಯ ನಡುವೆ ಒಲೆ, ಒಲೆಯ ಮೇಲೆ ಬಾಣಲೆ, ಬಾಣಲೆ ತುಂಬ ಕುದಿಯುವ ವಿನೆಗರ್. ಶೀತಜ್ವರ ಬಂದಾಗ ಅಜ್ಜಿ ಮನೆಯ ಗಾಳಿ ಶುದ್ಧವಾಗಲೆಂದು ಕುದಿಸುತ್ತಿದ್ದಳಲ್ಲ, ಹಾಗೇ. ಆ ಹುಳಿ ಹಬೆ ನನ್ನ ಬಿಲ್ಲೆಗಳಿಗೆ ಸಿಗುವ ಮೊದಲೇ ಅಮೋನಿಯಾವನ್ನು ನುಂಗಿಹಾಕಿತ್ತು. ಹುಳಿಯೂ ಉಚ್ಚೆಯೂ ಬೆರೆತ ನಾತಕ್ಕೆ ಬಾಗಿಲಲ್ಲೇ ವಾಂತಿ ಮಾಡಿಕೊಂಡೆ. ಅಪ್ಪ ಬೆನ್ನು ಸವರುತ್ತಾ, "ಒಂದ್ ತಿಂಗಳಿಂದ ಕುದಿಸ್ತಾ ಇದೀನಿ ಕಣೇ. ನಿಮ್ ಮೇಷ್ಟ್ರು ಇನ್ನೊಂದ್ ಸಲ ಬಂದಾಗ ಮೂಗು ಮುಚ್ಕೋಬಾರ್ದು ನೋಡು" ಎಂದರು. ಬಹುಮಾನ ಗೆದ್ದವರ ಮುಖ! ಬೈಯಬೇಕೆಂದಿದ್ದವಳು ಬಾಯಿ ಒರೆಸಿಕೊಂಡೆ. ಅಸಹ್ಯವಾಯಿತಮ್ಮಾ, ನಾತದ ಮೇಲಲ್ಲ, ನನ್ನ ಮೇಲೇ. ಹೆತ್ತಪ್ಪ ತನ್ನ ಕೊಟ್ಟಿಗೆಗೆ ನಾಚುವ ಹಾಗೆ ಮಾಡಿದೆನಲ್ಲ.

ಸೊಂಟಕ್ಕೆ ಬಿಸಿ ಪಟ್ಟಿ ಹಾಕಿಕೋ. ಭಾರ ಎತ್ತಬೇಡ. ಅಪ್ಪ ನಿನ್ನನ್ನು ವಿಚಾರಿಸಿದ್ದಾರೆ.

ನಿನ್ನ ಮಗಳು,
ಯಾನ್‌ಪಿಂಗ್

ತಾ.ಕ.: ಬಸ್ಸಿಗೆ ಹೊತ್ತಾಯಿತು. ಮೇಷ್ಟ್ರು ಮೂಗು ಮುಚ್ಚಿಕೊಂಡದ್ದನ್ನು ನಾನು ಫೋನಿನಲ್ಲಿ ಹೇಳಿದ್ದು ನಿನಗೊಬ್ಬಳಿಗೇ. ನೀನು ಅಪ್ಪನಿಗೆ ಹೇಳಿದೆ. ಇರಲಿ. ವಿನೆಗರ್ ಕುದಿಸಿದವಳು ನಾನೇ ಎಂದು ಮೇಷ್ಟ್ರಿಗೆ ಹೇಳಿಬಿಟ್ಟೆ. ನನ್ನ ಕೆಲಸವನ್ನು ಬೇರೆಯವರಿಗೆ ಕೊಟ್ಟರು, ಈ ವರ್ಷ ಪದವಿ ಇಲ್ಲ. ಇದೊಂದನ್ನಾದರೂ ಅಪ್ಪನಿಗೆ ಹೇಳಬೇಡ.