ಆಮ್ರಪಾಲಿಯ ತಾತ್ಕಾಲಿಕ ಡಿಸ್ಕ್

ಜಲನಗರ, ಸೆಪ್ಟೆಂಬರ್ ೧೪, ಭಾನುವಾರ

ತೀರಿಕೊಂಡ ಮಗಳು ಆಮ್ರಪಾಲಿಯ ಪುಣ್ಯಾನುಮೋದನೆಯ ಬೌದ್ಧ ವಿಧಿಗೆ ಬಂದ ಅವಳ ಸಹೋದ್ಯೋಗಿಗಳಿಗೆ ನಾನು ಕೃತಜ್ಞ. ಅವರ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಎಲೆಯ ಫೋಟೊ ನೋಡಿ ದ್ರಾಕ್ಷಿಯ ರೋಗ ಗುರುತಿಸುವ ಆಮ್ರಪಾಲಿಯ ಕ್ಲೌಡ್ ಯಂತ್ರವನ್ನು, ನನ್ನ ದುಃಖಕ್ಕೆ ಅಂಜಿ, ಅವರು ಇನ್ನೂ ನಿಲ್ಲಿಸಿಲ್ಲ. ನಿಲ್ಲಿಸದೆ ಅದರ ಶಕ್ತಿ ಹೆಚ್ಚಿಸಲಾಗದು. ಘೋಣಸಗಿಯ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಚಾಟನಿ ಸಮೀಪಿಸಿದೆ, ಹೊಸ ಚಿಗುರಿನೊಂದಿಗೆ ರೋಗವೂ ಬರುತ್ತದೆ. ಬರಲಿರುವ ಫೋಟೊಗಳ ಹೊರೆಯನ್ನು ಈಗಿನ ಯಂತ್ರ ತಾಳದು.

"ಬಂದ್ ಮಾಡಿದರ ಏನು ಹೋಗತೈತಿ?" ಎಂದು ಕೇಳಿದೆ.

"ತಾತ್ಕಾಲಿಕ ಡಿಸ್ಕಿನಾಗ ಇದ್ದದ್ದು ಅಳಸಿ ಹೋಗತೈತ್ರಿ ಕಾಕಾ," ಎಂದಳು ಆ ಸಹೋದ್ಯೋಗಿಗಳಲ್ಲಿ ಒಬ್ಬಳಾದ ಸೌಭಾಗ್ಯ. "ಅಕ್ಕ ಕಡೀ ದಿನ ಅರ್ಧಾ ಮಾಡಿದ ಲೆಕ್ಕ ಅದರಾಗ ಐತ್ರಿ."

"ಫೋಟೊ? ಪ್ರೋಗ್ರಾಮು?"

"ಅವೆಲ್ಲಾ ಕಾಯಂ ಡಿಸ್ಕಿನಾಗ ಅದಾವ್ರಿ. ತಿರಗಿ ಮಾಡಾಕ ಬರಲಾರದ್ದನ್ನ ಅಕ್ಕ ತಾತ್ಕಾಲಿಕ ಡಿಸ್ಕಿನಾಗ ಇಡಾಕ ಬಿಡತಿದ್ದಿಲ್ರಿ. ನಾ ಒಮ್ಮೆ ಇಟ್ಟಿದ್ದಕ್ಕ, 'ಬಸ್‌ಸ್ಟ್ಯಾಂಡಿನಾಗ ಟ್ರಂಕ್ ಇಟ್ಟು ಮನೀಗೆ ಹೋಗತೀಯೇನ ಬೇ?' ಅಂದಿದ್ದಳ್ರಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾರಿಗೂ ಮಣಿದವನಲ್ಲ. ಮಗಳ ಈ ಮಾತಿನೆದುರು ಹೆಮ್ಮೆಯಿಂದಲೇ ಸೋತೆ. ವೇಗದ ಕೆಲಸಕ್ಕೆ ಅಳಿಯುವ ಜಾಗ, ಉಳಿಯಬೇಕಾದುದಕ್ಕೆ ಉಳಿಯುವ ಜಾಗ. ಇಷ್ಟು ನಿಚ್ಚಳವಾಗಿ ವಿಂಗಡಿಸುವ ಬುದ್ಧಿಯನ್ನು ನಾನು ಕಲಿಸಿದ್ದಲ್ಲ, ಅದು ಅವಳದೇ.

ಆ ಅರ್ಧ ಲೆಕ್ಕ ಅವಳು ಕೈಯಾರೆ ಮಾಡಿದ ಕೊನೆಯ ಕೆಲಸ. ನಕಲು ತೆಗೆದು ಕೊಡಲೇ ಎಂದು ಸೌಭಾಗ್ಯ ಮೆಲ್ಲಗೆ ಕೇಳಿದಳು. ನಾಳೆ ಹೇಳುತ್ತೇನೆಂದು ಕಳಿಸಿದೆ.

ಈಗ ನಿರ್ಧರಿಸಿದ್ದೇನೆ, ಆಮ್ರಪಾಲಿಯ ತಾಯಿಯನ್ನೂ ಕೇಳಿಲ್ಲ. ನಾಳೆ ತಿಕೋಟಾದಲ್ಲಿರುವ ಮಗಳ ಕಚೇರಿಗೆ ಹೋಗಿ ಯಂತ್ರವನ್ನು ನಾನೇ ನಿಲ್ಲಿಸುತ್ತೇನೆ. ತಿರುಗಿ ಮಾಡಬಹುದೆಂದೇ ಅವಳು ಅಲ್ಲಿಟ್ಟಿದ್ದ ಲೆಕ್ಕವನ್ನು ಸಹೋದ್ಯೋಗಿಗಳು ಮೊದಲಿನಿಂದ ಮಾಡಲಿ. ನಕಲು ಬೇಡ.