ಹತ್ತನೆಯ ಹೆಸರು

ಅರಸೀಕೆರೆ
೨೬ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಮಂಜುಳಾ,

ನೀನೂ ಶಿವಕುಮಾರಣ್ಣನೂ ಹೇಗಿದ್ದೀರಿ? ನಾವಿಲ್ಲಿ ಇದ್ದೇವೆ, ಅಷ್ಟೇ. ಹನ್ನೆರಡು ದಿನದಿಂದ ನಿನಗೆ ಮುಖ ತೋರಿಸಲಿಲ್ಲ, ಫೋನ್ ಎತ್ತಲಿಲ್ಲ. ಭಾನುವಾರ ನೀನು ಮನೆಗೆ ಬಂದಾಗ ‘ಲತಾ ಸ್ನಾನಕ್ಕೆ ಹೋಗವ್ಳೆ’ ಅಂತ ನಮ್ಮ ಯಜಮಾನರು ಹೇಳಿದರಲ್ಲ, ಆಗ ನಾನು ಬಚ್ಚಲ ಒಣ ನೆಲದ ಮೇಲೆ ಸುಮ್ಮನೆ ನಿಂತಿದ್ದೆ. ನೀನು ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋಗುವ ತನಕ ನಿಂತೇ ಇದ್ದೆ. ಕಣಕಟ್ಟೆಯಿಂದ ಬಸ್ ಹಿಡಿದು ಬಂದವಳನ್ನು ಹಾಗೆ ಕಳಿಸಬಾರದಿತ್ತು. ತಪ್ಪಾಯಿತು ಕಣೇ.

ಮೊದಲು ಮುಖ್ಯವಾದದ್ದನ್ನು ಹೇಳುತ್ತೇನೆ. ನಿನ್ನ ವರ್ಗ ರದ್ದಾಗುವ ದಾರಿ ತೆರೆದಿದೆ. ಶುಕ್ರವಾರ ಸಂಜೆ ನಾಲ್ಕರೊಳಗೆ ನೀನೇ ಖುದ್ದಾಗಿ ಕಾರ್ಖಾನೆಯ ಆಫೀಸಿಗೆ ಬಂದು ಸ್ವಯಂ ನಿವೃತ್ತಿಗೆ ಒಪ್ಪಿಗೆ ಬರೆದುಕೊಡಬೇಕು. ಮಧ್ಯಾಹ್ನ ಫೋನ್ ಮಾಡಿ ‘ಶುಕ್ರವಾರ ಬಾ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆನಲ್ಲ, ಇದಕ್ಕೇ. ಮಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿನ ಸುದ್ದಿ ಕೇಳು. ನೀನು ರಜೆ ಹಾಕಿದ ಮೇಲೆ ಹೊಸ ಯಂತ್ರದ ಇನ್ನೊಂದು ಭಾಗವೂ ಬಂತು. ನಾವು ನಲವತ್ತು ಹೆಂಗಸರು ಸಾಲಾಗಿ ಕೂತು ತೆಂಗಿನಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದ ಹಾಲಿನಲ್ಲಿ ಈಗ ಆರು ಜನ ನಿಂತು ಗುಂಡಿ ಒತ್ತುತ್ತಾರೆ. ನಿನ್ನ ಮಣೆಯನ್ನು ಯಾರೋ ಬಾಗಿಲಿಗೆ ಒತ್ತು ಕೊಟ್ಟಿದ್ದರು, ಎತ್ತಿ ನನ್ನ ತೂಕದ ಮೇಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಆಮೇಲೆ ಸೋಮವಾರ ವರ್ಗದ ಪಟ್ಟಿ ಅಂಟಿಸಿದರು. ಪರಿಹಾರದ ದುಡ್ಡಿನ ಜೊತೆ ಸ್ವಯಂ ನಿವೃತ್ತಿ, ಮೊದಲು ಅರ್ಜಿ ಕೊಟ್ಟ ಹತ್ತೇ ಜನಕ್ಕೆ, ಉಳಿದವರೆಲ್ಲ ಚಾಮರಾಜನಗರದ ಘಟಕಕ್ಕೆ. ನಿನ್ನ ಹೆಸರು ಮೇಲಿನಿಂದ ಮೂರನೆಯದು. ವಾರಕ್ಕೆ ಎರಡು ಸಲ ಹಾಸನದಲ್ಲಿ ಗಂಡನಿಗೆ ಡಯಾಲಿಸಿಸ್ ಮಾಡಿಸುವವಳು ಚಾಮರಾಜನಗರಕ್ಕೆ ಹೋಗುವುದೆಂದರೆ ಏನು? ಹೋಗದಿದ್ದರೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಕಾಂತಮ್ಮ ನಿನಗೆ ಫೋನ್ ಮಾಡಿ ಪಟ್ಟಿ ಓದಿ ಹೇಳಿದಳಂತೆ. ಆಮೇಲೆ ನನ್ನ ಹತ್ತಿರ ಬಂದು, “ಮಂಜಿ ಅಳ್ಲಿಲ್ಲ ಕಣಕ್ಕ. ಹೋಗ್ಲಿ ಬಿಡು, ಲತಕ್ಕಂಗಾದ್ರೂ ಸಿಕ್ತಲ್ಲ ಅಂದ್ಲು” ಎಂದಳು. ಅವತ್ತು ಮಧ್ಯಾಹ್ನ ನನ್ನ ಡಬ್ಬಿಯ ಮುದ್ದೆ ಹಾಗೆಯೇ ವಾಪಸ್ ಬಂತು.

ನಿನಗೆ ಹೇಳದೆ ಇಟ್ಟುಕೊಂಡ ಇನ್ನೊಂದು ವಿಷಯವಿದೆ. ಹಳೇಬೀಡಿನ ಒಂದು ವಸತಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಅಡುಗೆಮನೆಯ ಉಗ್ರಾಣ ನೋಡಿಕೊಳ್ಳುವುದು. ನಡೆಸುವವರು ಚೆಲುವಾಂಬ ಮೇಡಂ, ಕಟ್ಟುನಿಟ್ಟಿನ ಹೆಂಗಸು. ನಾನು ಹೋದಾಗ ಒಂದು ಹಿಡಿ ತೊಗರಿಬೇಳೆ ಕೈಗೆ ಸುರಿದು, “ಇದರಲ್ಲಿ ಏನು ತಪ್ಪಿದೆ ಹೇಳಿ” ಎಂದರು. ಹುಳ ಬಿದ್ದ ನಾಲ್ಕು ಕಾಳು ಆರಿಸಿ ಕೊಟ್ಟೆ. “ಡಿಸೆಂಬರ್ ಒಂದನೇ ತಾರೀಕು ಬನ್ನಿ” ಎಂದರು. ಪರೀಕ್ಷೆ ಅಲ್ಲಿಗೆ ಮುಗಿಯಿತು. ವಾಪಸ್ ಬರುವಾಗ ಜಾವಗಲ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಕ್ಕೆ. ನಲವತ್ತೇಳನೇ ವಯಸ್ಸಿನಲ್ಲಿ ಯಾರೋ ನನ್ನನ್ನು ಬೇಕು ಅಂದರಲ್ಲ ಅನ್ನುವ ಸಂತೋಷ. ನಿನಗೆ ಹೇಳಿದ್ದರೆ ಆ ಸಂತೋಷ ಎರಡರಷ್ಟಾಗುತ್ತಿತ್ತು. ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಸಂಪತ್ಕುಮಾರ್ ಸಾಹೇಬರ ಕೋಣೆಗೆ ಹೋಗಿ, ಸ್ವಯಂ ನಿವೃತ್ತಿಯ ನನ್ನ ಅರ್ಜಿ ವಾಪಸ್ ಪಡೆಯುತ್ತೇನೆ ಎಂದು ಕಾಗದ ಕೊಟ್ಟೆ. ಕಾರ್ಖಾನೆಗೆಲ್ಲ ಅರ್ಜಿ ಬರೆದುಕೊಡುವವಳು ನಾನು, ಈ ನಾಲ್ಕು ಸಾಲನ್ನು ಮೂರು ಸಲ ಬರೆದು ಹರಿದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಇದೇನ್ರಮ್ಮ ಹುಡುಗಾಟ? ಬೇಕು ಬೇಕು ಅಂತ ಸಾಲು ನಿಂತಿದ್ದಾರೆ, ನೀವು ಬೇಡ ಅಂತೀರಲ್ಲ. ಶನಿವಾರ ಬಿಡುಗಡೆ ಪತ್ರ ಕೈಗೆ ಬರ್ತಿತ್ತು.”

“ನನ್ನ ಹೆಸರು ತೆಗೆದರೆ ಮುಂದಿನದು ಯಾರದು ಸಾರ್?”

“ಹನ್ನೊಂದನೇದು ಮಂಜುಳಾ. ಶುಕ್ರವಾರ ನಾಲ್ಕರೊಳಗೆ ಅವರೇ ಬಂದು ಒಪ್ಪಿಗೆ ಕೊಟ್ರೆ ವರ್ಗ ರದ್ದು. ಆಮೇಲೆ ಬಂದ್ರೆ ನನ್ನ ಕೈಲಿಲ್ಲ.” ದನಿ ತಗ್ಗಿಸಿದರು. “ನಿಮಗೆ ಬೇರೆ ಕಡೆ ಕೆಲಸ ಆಗಿದೆ ಅಂತ ಕೇಳ್ದೆ. ಬರೀ ರಾಜೀನಾಮೆ ಅಂದ್ರೆ ಒಂದು ತಿಂಗಳ ನೋಟಿಸ್ ಇರುತ್ತೆ. ಇಪ್ಪತ್ತೊಂದು ವರ್ಷದ ಪರಿಹಾರಾನೂ ಹೋಯ್ತು. ಯೋಚನೆ ಮಾಡಿದೀರಾ?”

ಮಾಡಿದ್ದೇನೆ ಎಂದೆ. ಮಾಡಿರಲಿಲ್ಲ. ಯೋಚನೆ ಮಾಡುತ್ತಾ ಕೂತರೆ ಕೊಡುವುದಿಲ್ಲ ಅಂತ ನನಗೇ ಗೊತ್ತಿತ್ತು. ಅವರು ಮುದ್ರೆ ಒತ್ತಿದ ಮೇಲೆ ಹೊರಗೆ ನಲ್ಲಿ ಹತ್ತಿರ ಹೋಗಿ ಮುಖ ತೊಳೆದೆ.

ಅಲ್ಲಿಂದಲೇ ಚೆಲುವಾಂಬ ಮೇಡಂಗೆ ಫೋನ್ ಮಾಡಿ, ಒಂದು ತಿಂಗಳು ಕಾಯುತ್ತೀರಾ ಎಂದು ಕೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. “ಪುಷ್ಪಲತಾ ಅವರೇ, ನೂರಾ ನಲವತ್ತು ಮಕ್ಕಳಿಗೆ ದಿನಾ ಅನ್ನ ಆಗಬೇಕು. ಉಗ್ರಾಣದ ಬೀಗದಕೈ ಯಾರಿಗಾದ್ರೂ ಕೊಡಲೇಬೇಕಲ್ಲ. ಸೋಮವಾರ ಹೇಳ್ತೀನಿ, ಆಸೆ ಇಟ್ಕೋಬೇಡಿ” ಎಂದರು. ಹೀಗಾಗಿ ಸೋಮವಾರದ ತನಕ ನನ್ನದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆ ಕೆಲಸ ಕೈತಪ್ಪಿದರೆ ರಾಜೀನಾಮೆಯ ಮಾತು ಬಿಟ್ಟು ಚಾಮರಾಜನಗರಕ್ಕೆ ನಾನೇ ಗಂಟುಮೂಟೆ ಕಟ್ಟಬೇಕು.

ಮಧ್ಯಾಹ್ನ ಮನೆಗೆ ಬಂದು ಯಜಮಾನರಿಗೆ ಊಟಕ್ಕೆ ಬಡಿಸುವಾಗ ಹೇಳಿದೆ. ತಟ್ಟೆ ಪಕ್ಕಕ್ಕೆ ಸರಿಸಿದರು. “ನಿಂಗೇನು ತಲೆ ಕೆಟ್ಟೈತಾ? ಆ ದುಡ್ಡಲ್ಲಿ ಸೂರು ಹಾಕಿಸೋಣ ಅಂತಿದ್ವಿ. ಅವಳೇನು ನಿನ್ನ ಒಡಹುಟ್ಟಿದೋಳಾ?” ಎಂದರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಬಾಯಿ ಬಿಟ್ಟಿದ್ದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಎದ್ದು ಅಂಗಡಿಗೆ ಹೋದವರು ಸಂಜೆ ಬಾಗಿಲಲ್ಲೇ ನಿಂತು, “ಶುಕ್ರವಾರ ಶಿವಕುಮಾರನ ಜೊತೆ ಹಾಸನಕ್ಕೆ ಯಾರು ಹೋಯ್ತಾರೆ? ನಾನೇ ಹೋಯ್ತೀನಿ ಅಂತ ಬರಿ” ಎಂದರು. ಹಾಗಾಗಿ ಆಸ್ಪತ್ರೆಯ ಚಿಂತೆ ನಿನಗೆ ಬೇಡ. ಅವರು ಎಂಟೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತಾರೆ.

ಕಾಂತಮ್ಮನಿಗೆ ಹೇಗೆ ಗೊತ್ತಾಯಿತೋ, ಮೂರು ಗಂಟೆಯೊಳಗೆ ಕಾರ್ಖಾನೆಗೆಲ್ಲ ಸಾರಿದಳು. ಎಲ್ಲರ ಮುಂದೆ ನನ್ನನ್ನು ತಬ್ಬಿಕೊಂಡು, “ನಿನ್ನಂಥೋಳು ಎಲ್ಲವ್ಳೆ ಲತಕ್ಕ? ಗೆಳತಿಗೋಸ್ಕರ ಬಾಯಿಗೆ ಬಂದ ತುತ್ತು ಬಿಟ್ಟೆ” ಎಂದು ಕಣ್ಣು ಒರೆಸಿಕೊಂಡಳು. ನನಗೆ ಮೈಯೆಲ್ಲ ಮುಳ್ಳಾಯಿತು. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಗೋಂದು ಬಳಿದು ಭದ್ರವಾಗಿ ಅಂಟಿಸಿದ್ದೇನೆ. ಅವಳು ನಿನ್ನ ಮನೆಯಲ್ಲಿ ಕೂತು ನನ್ನನ್ನು ಹೊಗಳಿದರೆ ಕೇಳಿಕೋ, ಏನೂ ಹೇಳಬೇಡ.

ಬರುವಾಗ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಮರೆಯಬೇಡ. ಒಪ್ಪಿಗೆಯ ಕಾಗದವನ್ನು ನೀನೇ ಬರೆ. ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ಪರವಾಗಿಲ್ಲ, ಸಾಹೇಬರು ಓದಿಕೊಳ್ಳುತ್ತಾರೆ.

ಜೇನುಕಲ್ಲು ಸಿದ್ಧೇಶ್ವರ ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ. ಶಿವಕುಮಾರಣ್ಣನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಇನ್ನು ಮುಂದೆ ನೆಮ್ಮದಿಯ ದಿನಗಳು ಬರಲಿ.

ನಿನ್ನ
ಲತಾ

ಮರೆತ ಮಾತು: ಮರೆತದ್ದಲ್ಲ ಮಂಜಿ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹಾಸನದ ಬಸ್ ಹತ್ತುವ ಮುಂಚೆ, ನೀನು ಸ್ವಯಂ ನಿವೃತ್ತಿಯ ಅರ್ಜಿಗೆಂದು ಎಂದಿನಂತೆ ಖಾಲಿ ಹಾಳೆಯ ಕೆಳಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟೆ. ‘ಮೇಲಿಂದು ನೀನು ಬರ್ಕೊ’ ಎಂದೆ. ರಜೆ ಚೀಟಿಯಿಂದ ಹಿಡಿದು ಸಾಲದ ಅರ್ಜಿಯ ತನಕ ಇಪ್ಪತ್ತು ವರ್ಷ ನೀವೆಲ್ಲ ನನಗೆ ಹಾಗೇ ತಾನೇ ಕೊಟ್ಟದ್ದು? ಊಟದ ಹೊತ್ತಿಗೆ ಒಂಬತ್ತು ಅರ್ಜಿ ಆಗಿದ್ದವು. ಒಂದೇ ಉಳಿದಿದೆ ಎಂದು ಸಾಹೇಬರು ಹೇಳಿದರು. ನಿನ್ನ ಹಾಳೆ ನನ್ನ ಮುಂದೆಯೇ ಇತ್ತು. ಹಳೇಬೀಡಿನ ಕೆಲಸ ಆ ಹೊತ್ತಿಗಾಗಲೇ ಖಾತ್ರಿಯಾಗಿತ್ತು. ಆದರೂ ಚೀಲದಿಂದ ಇನ್ನೊಂದು ಹಾಳೆ ತೆಗೆದು ನನ್ನ ಹೆಸರು ಬರೆದೆ. ಅದನ್ನು ಕೊಟ್ಟು ಬಂದು, ನಿನ್ನದನ್ನು ದುಂಡು ಅಕ್ಷರದಲ್ಲಿ ಬರೆದು ಮೂರು ಗಂಟೆಗೆ ಕೊಟ್ಟೆ. ನನ್ನದು ಬೆಳಿಗ್ಗೆಯೇ ಆಗಿತ್ತು, ನಿನ್ನದು ಕೊಡುವಷ್ಟರಲ್ಲಿ ತುಂಬಿಹೋಗಿತ್ತು ಎಂದು ನಿನಗೆ ಹೇಳಿದ್ದು ಸುಳ್ಳು.

ನಾನು ಏನನ್ನೂ ಬಿಟ್ಟುಕೊಡಲಿಲ್ಲ ಕಣೇ. ನಿನ್ನದನ್ನು ನಿನಗೆ ವಾಪಸ್ ಕೊಟ್ಟೆ. ಶುಕ್ರವಾರ ಬಾ, ನನ್ನನ್ನು ಮಾತನಾಡಿಸದಿದ್ದರೂ ಬಾ. ಪೆನ್ನು ಮಾತ್ರ ಮನೆಯಿಂದಲೇ ತಾ, ನನ್ನದನ್ನು ಕೇಳಬೇಡ.