ಬಾಯಿ ಬಿಡದವಳಿಗೆ ಸದ್ವಚನ ಬಹುಮಾನ

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಾವು ನನ್ನ ಮಗಳಿಗೆ ಕೊಟ್ಟ ಸದ್ವಚನ ಬಹುಮಾನವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಒಳ್ಳೆಯ ಮಾತಿಗೆಂದು ಇಟ್ಟ ಬಹುಮಾನ ಅದು. ನನ್ನ ಮಗಳು ಮಾತೇ ಆಡುವುದಿಲ್ಲ. ತರಗತಿಯಲ್ಲಿ ಬಾಯಿ ತೆರೆದವರಿಗೆಲ್ಲ ಅಂಕ ಕಳೆಯುತ್ತ ಹೋದಿರಿ. ಕೊನೆಗೆ ಒಂದಂಕವೂ ಕಳೆಯದೆ ಉಳಿದವಳು ಅವಳೊಬ್ಬಳೇ. ಈ ಲೆಕ್ಕದಲ್ಲಿ ಅದೇ ಕೋಣೆಯ ಕಪ್ಪುಹಲಗೆಗೆ ಬಹುಮಾನ ಹೇಗೆ ತಪ್ಪಿತೋ ನನಗೆ ತಿಳಿಯದು.

ಅವಳಿಗೆ ಮಾತು ತೊದಲುತ್ತದೆ. ಅದರಲ್ಲೂ ಪಕಾರ ಬಂದರೆ ಮುಗಿಯಿತು. ಹಾಜರಿ ಕೂಗುವಾಗ ‘ಪ್ರೆಸೆಂಟ್’ ಅನ್ನಬೇಕಲ್ಲ, ‘ಪ... ಪ...’ ಎಂದು ಅಲ್ಲೇ ನಿಂತುಬಿಡುತ್ತಿದ್ದಳು. ತರಗತಿಯ ಹುಡುಗನೊಬ್ಬ ಅವಳಿಗೆ ಪಪ್ಪಾಯಿ ಎಂದು ಹೆಸರಿಟ್ಟ. ಅವಳ ಹೆಸರು ಕರೆದ ಕೂಡಲೇ ಹಿಂದಿನ ಬೆಂಚಿನವರು ‘ಪಪ್ಪಾಯಿ ಬಂದಿದೆ ಸಾರ್’ ಎನ್ನುತ್ತಿದ್ದರು. ಅವಳು ಸುಮ್ಮನೆ ಕೈ ಎತ್ತುವುದನ್ನು ಕಲಿತಳು. ನಾನೋ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ದಿನವಿಡೀ ಕೂಗುವವಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವಳು ಹೇಗೆ ಬದುಕುತ್ತಾಳೋ ಎಂಬ ಚಿಂತೆ ನನಗೆ ಆಗಿನಿಂದ ಹತ್ತಿತು.

ಅಂಥ ಹೊತ್ತಿನಲ್ಲಿ ಒಬ್ಬ ಮೇಷ್ಟ್ರು ಬಂದರು, ವಾರಕ್ಕೊಂದು ‘ಮಾತಿನ ಪೀರಿಯಡ್’ ಶುರು ಮಾಡಿದರು. ಸಮ್ಯಕ್ ವಾಕ್, ಅಂದರೆ ಒಳ್ಳೆಯ ಮಾತು, ಎಂದು ಬುದ್ಧ ಹೇಳಿದ್ದನ್ನು ಮಕ್ಕಳ ಭಾಷೆಗೆ ಇಳಿಸಿದರು: ಆಡುವ ಮೊದಲು, ಇದು ನಿಜವೇ, ಇದರಿಂದ ಕೇಳುವವರಿಗೆ ಒಳಿತಾಗುತ್ತದೆಯೇ, ಈಗಲೇ ಆಡಬೇಕೇ, ಮೆಲ್ಲಗೆ ಪ್ರೀತಿಯಿಂದ ಆಡುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಹೆಸರಿಟ್ಟ ಹುಡುಗ ಎದ್ದು ನಿಂತು, ಪಪ್ಪಾಯಿ ಅನ್ನುವುದು ಸುಳ್ಳೇನಲ್ಲ, ಅವಳು ಹಾಗೇ ಹೇಳುತ್ತಾಳೆ ಎಂದು ವಾದಿಸಿದನಂತೆ. ಮೇಷ್ಟ್ರು ಗದರಲಿಲ್ಲ. “ನಿಜಾನೇ ಇರಬಹುದಪ್ಪ. ಅವಳಿಗೆ ಹಿತವಾಗಿದ್ಯಾ ಅಂತ ಅವಳನ್ನೇ ಕೇಳು. ಉತ್ತರ ಬರೋವರೆಗೂ ಯಾರೂ ಬಾಯಿ ಹಾಕಬೇಡಿ” ಅಂದರು. ಇಡೀ ತರಗತಿ ಕಾಯಿತು. ಬಹಳ ಹೊತ್ತಾದ ಮೇಲೆ ನನ್ನ ಮಗಳು ‘ಇಲ್ಲ’ ಅಂದಳು. ಆ ಸಂಜೆ ಅವಳು ನನಗೆ ಇದನ್ನೆಲ್ಲ ತೊದಲಿಕೊಂಡೇ ಪೂರ್ತಿ ಹೇಳಿದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಹೋಗುತ್ತಿದ್ದರೂ ನಾನು ಏಳಲಿಲ್ಲ.

ಆಮೇಲೆ ತಾವು ತಪಾಸಣೆಗೆ ಬಂದಿರಿ. ಬಂದದ್ದು ಅದೇ ಪೀರಿಯಡ್ಡಿಗೆ. ಯಾವ ಮಾತು ಚುಚ್ಚುತ್ತದೆ, ಯಾವುದು ಚುಚ್ಚುವುದಿಲ್ಲ ಎಂದು ಮಕ್ಕಳು ಜೋರಾಗಿ ಚರ್ಚಿಸುತ್ತಿದ್ದರು. ತಮಗೆ ಕೇಳಿಸಿದ್ದು ಗದ್ದಲ ಮಾತ್ರ. ಪೀರಿಯಡ್ಡು ರದ್ದಾಯಿತು, ಮೇಷ್ಟ್ರಿಗೆ ಪಠ್ಯಪುಸ್ತಕದ ಗೋದಾಮಿನ ಉಸ್ತುವಾರಿ ಸಿಕ್ಕಿತು, ಬುದ್ಧನ ಚಿತ್ರ ಹೊತ್ತ ಸುತ್ತೋಲೆಯೊಂದು ಬಂತು: ತರಗತಿಯಲ್ಲಿ ಸದ್ದು ಮಾಡಿದವರಿಗೆ ಅಂಕ ಕಡಿತ, ಮಾಡದವರಿಗೆ ಸದ್ವಚನ ಬಹುಮಾನ. ಮಾತು ಬೆಳ್ಳಿ, ಮೌನ ಬಂಗಾರ. ಆದ್ದರಿಂದ ಸಮ್ಯಕ್ ವಾಕ್ ಎಂದರೆ ಮೌನ! ಎಂಥ ಪಾಂಡಿತ್ಯ, ಮಾನ್ಯರೇ. ಅರಿವು ಮೂಡಿದ ಮೇಲೆ ಬುದ್ಧನೂ ಬಾಯಿ ಮುಚ್ಚಿಕೊಂಡು ಮರದ ಕೆಳಗೇ ಉಳಿದಿದ್ದರೆ ತಮ್ಮ ಸುತ್ತೋಲೆಗೆ ಯಾರ ಚಿತ್ರ ಹಾಕುತ್ತಿದ್ದಿರಿ? ಆತ ಉಳಿದ ಆಯುಷ್ಯವನ್ನೆಲ್ಲ ಊರೂರು ತಿರುಗಿ ಮಾತಾಡುವುದರಲ್ಲೇ ಕಳೆದ. ಕೆಟ್ಟ ಮಾತು ಬಿಡಿ ಎಂದನೇ ಹೊರತು ಮಾತನ್ನೇ ಬಿಡಿ ಎನ್ನಲಿಲ್ಲ.

ಈಗ ಕಳೆದ ವಾರದ ಸಂಗತಿ ಕೇಳಿ. ಶಾಲೆ ಬಿಟ್ಟ ಮೇಲೆ ನನ್ನ ಮಗಳು ಪ್ರಯೋಗಾಲಯದಲ್ಲಿ ಮೇಜಿನಡಿ ಬಿದ್ದ ಪೆನ್ನು ಹುಡುಕುತ್ತಿದ್ದಳು. ಬೀಗ ಹಾಕಲು ಬಂದ ಜವಾನ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿಯೇ ಬಾಗಿಲು ಹಾಕಿದ. ಅವನ ತಪ್ಪಿಲ್ಲ. ಮಗಳು ಮನೆಗೆ ಬರಲಿಲ್ಲವೆಂದು ನಾನು ಓಡಿ ಬಂದು, ಹೆಸರು ಹಿಡಿದು ಕೂಗುತ್ತ ಅದೇ ಬಾಗಿಲ ಮುಂದೆ ಹಾದುಹೋದೆ. ಒಳಗಿನಿಂದ ಒಂದು ಸದ್ದಿಲ್ಲ. ತಿರುಗಿ ಬರುವಾಗ ಕಿಟಕಿಯ ಗಾಜಿನ ಹಿಂದೆ ಮುಖ ಕಂಡಿತು. ಬೀಗ ತೆಗೆಸಿ, ಕೂಗಬಾರದಿತ್ತೇ, ಬಾಗಿಲಾದರೂ ತಟ್ಟಬಾರದಿತ್ತೇ ಎಂದು ಅಳುತ್ತ ಕೇಳಿದೆ.

“ಸದ್ದು ಮಾಡಿದ್ರೆ ಮಾರ್ಕ್ಸ್ ಕಳೀತಾರಲ್ಲಮ್ಮ” ಅಂದಳು. “ನಂಗೆ ಬಂದಿರೋದು ಅದೊಂದೇ ಪ... ಪ... ಪ್ರೈಜು.”

ಅವಳು ಆಡಿದ ಕಡೆಯ ಮಾತು ಅದು. ಈಗ ಮನೆಯಲ್ಲೂ ಬಾಯಿ ಕಟ್ಟಿದೆ. ನೀರು ಬೇಕಾದರೆ ಲೋಟ ತೋರಿಸುತ್ತಾಳೆ. ನಾಳೆ ದಾರಿಯಲ್ಲಿ ಯಾರೋ ಕೈ ಹಿಡಿದು ಎಳೆದರೂ ಅಂಕ ಉಳಿಸಿಕೊಳ್ಳುತ್ತಾಳೆಯೇ? ತಮ್ಮ ಕಚೇರಿಗೆ ಎಷ್ಟೋ ಸಲ ಅಲೆದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅನ್ನುತ್ತಾರೆ. ಅದಕ್ಕೇ ಊರೆಲ್ಲ ಕೇಳುವ ಹಾಗೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮೇಷ್ಟ್ರನ್ನು ಗೋದಾಮಿನಿಂದ ಬಿಡಿಸಿ, ಆ ಪೀರಿಯಡ್ಡನ್ನು ವಾಪಸು ಕೊಡಿ. ಗದ್ದಲವಾಗುತ್ತದೆ, ಆಗಲಿ. ಮೊದಲ ದಿನ ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕೂರಬೇಕು. ಹಾಜರಿಯಲ್ಲಿ ನನ್ನ ಮಗಳ ಹೆಸರು ಬರುತ್ತದೆ. ಅವಳು ಪಕಾರದಲ್ಲಿ ನಿಲ್ಲುತ್ತಾಳೆ. ಗಡಿಯಾರ ನೋಡಬೇಡಿ, ಪಾಪ ಅನ್ನಬೇಡಿ, ಪದ ಎತ್ತಿಕೊಡಬೇಡಿ. ಅವಳು ಮುಗಿಸುವ ತನಕ ಕಾಯಿರಿ. ತಾವು ರದ್ದು ಮಾಡಿದ ಪಾಠ ಅಷ್ಟೇ ಇತ್ತು.

ಇಂತಿ,
ತಮ್ಮ ಬಹುಮಾನವನ್ನು ಲಗತ್ತಿಸಿ, ಉತ್ತರ ಬರುವವರೆಗೂ ಗದ್ದಲ ಮಾಡಲಿರುವ
ಪಪ್ಪಾಯಿ ಎಂದು ಕರೆಸಿಕೊಂಡವಳ ಅಮ್ಮ